ಕೈಯಲ್ಲಿರುವ ಎರಡು ಲಕ್ಷ: ಎಷ್ಟು ಹಸುವಿಗೆ, ಎಷ್ಟು ಬ್ಯಾಂಕಿಗೆ?



ಸಂತೆಮರಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತೆರಡು–ಇಪ್ಪತ್ತೈದು ವಯಸ್ಸಿನ ಹುಡುಗರು, ಹೆಣ್ಣುಮಕ್ಕಳು ಹೈನುಗಾರಿಕೆ ಬಗ್ಗೆ ವಿಚಾರಿಸುವುದು ಈಚೆಗೆ ಹೆಚ್ಚಾಗಿದೆ. ಬೆಂಗಳೂರಿನಲ್ಲೋ ನಂಜನಗೂಡಿನ ಕಾರ್ಖಾನೆಯಲ್ಲೋ ನಾಲ್ಕೈದು ವರ್ಷ ದುಡಿದು, ಒಂದಿಷ್ಟು ಇಡುಗಂಟು ಮಾಡಿಕೊಂಡು ಊರಿಗೆ ಬಂದವರು ಇವರು. ಕೇಳುವ ಪ್ರಶ್ನೆ ಒಂದೇ: "ಸಾ, ಕೈಲಿ ಎರಡು ಲಕ್ಷ ಅದ. ಎಷ್ಟು ಹಸ ಕಟ್ಬೋದು?"

ನನ್ನ ಉತ್ತರ: ಈಗ ಒಂದು, ಎರಡನೆಯದು ಆರು ತಿಂಗಳ ಮೇಲೆ. ಹಸುವಿನಿಂದ ನಷ್ಟವಾಯಿತು ಎನ್ನುವವರ ಕೊಟ್ಟಿಗೆಗೆ ಹೋಗಿ ನೋಡಿದರೆ, ಬಹಳ ಸಲ ಹಸುವಿನಲ್ಲಿ ದೋಷವಿರುವುದಿಲ್ಲ. ಇದ್ದ ಹಣವನ್ನೆಲ್ಲ ಒಂದೇ ದಿನ ಹಸುವಿಗೆ ಸುರಿದು, ಹಾಲು ಬತ್ತಿದ ಎರಡು ತಿಂಗಳು ಹಿಂಡಿಗೆ ಕಾಸಿಲ್ಲದೆ, ಎಂಬತ್ತು ಸಾವಿರದ ಹಸುವನ್ನು ಸಂತೆಯಲ್ಲಿ ಅರ್ಧ ಬೆಲೆಗೆ ಬಿಟ್ಟುಕೊಡುವ ಪರಿಸ್ಥಿತಿ ಬಂದಿರುತ್ತದೆ. ಅದಕ್ಕಾಗಿ ಈ ಲೇಖನ.

ಹಸುವಿಗಿಂತ ಮೊದಲು ಮನೆ

ಕೈಸಾಲವಿದ್ದರೆ ಮೊದಲು ಅದನ್ನು ತೀರಿಸಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36. ಅಷ್ಟು ಆದಾಯವನ್ನು ಯಾವ ಬ್ಯಾಂಕೂ ಕೊಡುವುದಿಲ್ಲ, ಹಸುವೂ ಖಾತರಿಯಾಗಿ ಕೊಡುವುದಿಲ್ಲ.

ಆಮೇಲೆ ಮನೆಯವರ ಭದ್ರತೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ., ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂ. ಮೊದಲನೆಯದು ಅಪಘಾತದ ಸಾವಿಗೆ, ಎರಡನೆಯದು ಯಾವುದೇ ಕಾರಣದ ಸಾವಿಗೆ ತಲಾ 2 ಲಕ್ಷ ರೂ. ಕೊಡುತ್ತದೆ. ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ ಎರಡನ್ನೂ ಮಾಡಿಸಬಹುದು. ಹಾಲು ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಗೂ ಸೇರಬಹುದು. ಗ್ರಾಮೀಣ ಕುಟುಂಬದ 4 ಮಂದಿಗೆ ವರ್ಷಕ್ಕೆ 500 ರೂ. ಕಟ್ಟಿದರೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ನೆರವಿದೆ. ನೋಂದಣಿ ಯಾವಾಗ ತೆರೆಯುತ್ತದೆ ಎಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದಾಗ ಮೊದಲು ಮಾರಾಟವಾಗುವುದು ಕೊಟ್ಟಿಗೆಯ ಹಸುವೇ.

ಒಂದು ಹಸುವಿನ 14 ತಿಂಗಳ ಲೆಕ್ಕ

ದಿನಕ್ಕೆ 12 ಲೀಟರ್‌ವರೆಗೆ ಕರೆಯುವ ಮಿಶ್ರತಳಿ ಹಸುವನ್ನೇ ತೆಗೆದುಕೊಳ್ಳೋಣ. ಕರು ಹಾಕಿದ ಆರರಿಂದ ಎಂಟು ವಾರಕ್ಕೆ ಹಾಲು ಗರಿಷ್ಠ ಮಟ್ಟ ಮುಟ್ಟಿ, ಆಮೇಲೆ ತಿಂಗಳು ತಿಂಗಳಿಗೆ ಇಳಿಯುತ್ತದೆ. ಕೊನೆಯ 60 ದಿನ ಬತ್ತಿಸಿ ವಿಶ್ರಾಂತಿ ಕೊಡಲೇಬೇಕು. ಒಂದು ಕರುವಿನಿಂದ ಮತ್ತೊಂದು ಕರುವಿಗೆ 14 ತಿಂಗಳಾದರೆ ಒಟ್ಟು ಸುಮಾರು 2,600 ಲೀಟರ್ ಹಾಲು ಎಂದಿಟ್ಟುಕೊಳ್ಳಿ.

ಲೆಕ್ಕದ ಅನುಕೂಲಕ್ಕೆ ಸರ್ಕಾರದ 5 ರೂ. ಪ್ರೋತ್ಸಾಹಧನವೂ ಸೇರಿ ಲೀಟರ್‌ಗೆ 40 ರೂ., ಪಶು ಆಹಾರ ಕೆ.ಜಿ.ಗೆ 25 ರೂ., ಒಣಹುಲ್ಲು ಕೆ.ಜಿ.ಗೆ 8 ರೂ. ಎಂದು ಹಿಡಿದಿದ್ದೇನೆ. ನಿಮ್ಮ ಹಾಲಿನ ಜಿಡ್ಡಿನಂಶ, ಅಂದಿನ ದರ ನೋಡಿ ತಿದ್ದಿಕೊಳ್ಳಿ.

ಹಸುವಿನ ದೇಹಪೋಷಣೆಗೆ ದಿನಕ್ಕೆ ಒಂದೂವರೆ ಕೆ.ಜಿ., ಕರೆಯುವ ಪ್ರತಿ ಲೀಟರ್‌ಗೆ 400 ಗ್ರಾಂ ಪಶು ಆಹಾರ ಕೊಡಬೇಕು. ಬತ್ತಿಸಿದಾಗ ದಿನಕ್ಕೆ ಎರಡೂವರೆ ಕೆ.ಜಿ. ಒಣಹುಲ್ಲು ದಿನಕ್ಕೆ 5 ಕೆ.ಜಿ.

ಮೊದಲ 6 ತಿಂಗಳು: ಹಾಲು 1,750 ಲೀಟರ್, ಆದಾಯ 70,000 ರೂ. ಆಹಾರ, ಹುಲ್ಲು, ಖನಿಜ ಮಿಶ್ರಣ, ಔಷಧಿ, ವಿಮೆ ಸೇರಿ ಖರ್ಚು ಸುಮಾರು 35,000 ರೂ. ಉಳಿಕೆ 35,000 ರೂ.

ಮುಂದಿನ 8 ತಿಂಗಳು: ಹಾಲು 850 ಲೀಟರ್, ಆದಾಯ 34,000 ರೂ. ಖರ್ಚೂ ಸುಮಾರು 34,000 ರೂ. ಉಳಿಕೆ ಏನೂ ಇಲ್ಲ.

ಹೊಸಬರು ಗಮನಿಸಬೇಕಾದದ್ದು ಇದನ್ನೇ. ಇಡೀ ಸೂಲಿನ ಲಾಭ ಮೊದಲ ಆರು ತಿಂಗಳಲ್ಲೇ ಬಂದುಹೋಗುತ್ತದೆ. ಆಮೇಲೆ ಹಸು ತನ್ನ ಹೊಟ್ಟೆಯನ್ನು ತಾನು ಹೊರೆದುಕೊಳ್ಳುತ್ತದೆ, ಅಷ್ಟೇ. ಮೊದಮೊದಲ ಬಟವಾಡೆ ನೋಡಿ ಬೈಕಿನ ಕಂತು ಕಟ್ಟಿಕೊಂಡವರು ಎಂಟನೇ ತಿಂಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಬತ್ತಿದ 60 ದಿನದ ಮೇವಿಗೇ ಸುಮಾರು 6,000 ರೂ. ಬೇಕು, ಆಗ ಬಟವಾಡೆ ಸೊನ್ನೆ.

ಈ ಲೆಕ್ಕದಲ್ಲಿ ನಿಮ್ಮ ಕೂಲಿ ಇಲ್ಲ. ಹಸಿಮೇವು ಸ್ವಂತ ಜಮೀನಿನದು ಎಂದು ಹಿಡಿದಿದ್ದೇನೆ. ಅದನ್ನೂ ಕೊಳ್ಳಬೇಕಾದರೆ ಉಳಿಕೆ ಬಹುಪಾಲು ಕರಗುತ್ತದೆ. 80,000 ರೂ.ಗೆ ಬ್ಯಾಂಕು ಶೇ. 7 ಬಡ್ಡಿ ಕೊಟ್ಟರೆ ವರ್ಷಕ್ಕೆ 5,600 ರೂ. ಕೂತಲ್ಲೇ ಬರುತ್ತದೆ. ಹಸು ಅದಕ್ಕಿಂತ ಹೆಚ್ಚು ಕೊಡುವುದು ನಿಮ್ಮ ಬೆಳಗು, ಸಂಜೆಯ ದುಡಿಮೆಯೂ ಸೇರಿದಾಗ. ಆ ದುಡಿಮೆಗೆ ಮನಸ್ಸಿಲ್ಲದಿದ್ದರೆ ಹಣ ಬ್ಯಾಂಕಿನಲ್ಲೇ ಇರಲಿ.

ಎರಡು ಲಕ್ಷವನ್ನು ಹಂಚುವ ಬಗೆ

1. ಆಪತ್ತಿನ ಹಣ – 30,000 ರೂ. ಉಳಿತಾಯ ಖಾತೆಯಲ್ಲಿ. ಹಸು ಬತ್ತಿದಾಗ, ಯಾರಿಗಾದರೂ ಹುಷಾರು ತಪ್ಪಿದಾಗ ಮಾತ್ರ ಮುಟ್ಟಬೇಕು.
2. ಮೊದಲ ಹಸು – 80,000 ರೂ.
3. ಸಾಗಣೆ, ವಿಮೆ, ರಬ್ಬರ್ ಮ್ಯಾಟ್, ಹಾಲಿನ ಕ್ಯಾನು, ನೇಪಿಯರ್ ಹುಲ್ಲಿನ ಬಿತ್ತನೆ ಕಡ್ಡಿ – 20,000 ರೂ.
4. ಮೊದಲ ಮೂರು ತಿಂಗಳ ಪಶು ಆಹಾರ, ಒಣಮೇವು – 20,000 ರೂ. ನಾಲೆ ಬಯಲಿನವರು ಭತ್ತದ ಹುಲ್ಲನ್ನು, ಗುಂಡ್ಲುಪೇಟೆ ಕಡೆಯವರು ಜೋಳದ ಕಡ್ಡಿಯನ್ನು ಕೊಯ್ಲಿನ ಕಾಲದಲ್ಲೇ ಕೊಂಡಿಟ್ಟರೆ ಅಗ್ಗ.
5. ಎರಡನೇ ಹಸುವಿಗೆ – 50,000 ರೂ. ಆರು ತಿಂಗಳ ಠೇವಣಿ.

ಆರು ತಿಂಗಳ ಕೊನೆಗೆ ಮೊದಲ ಹಸುವಿನ ಉಳಿಕೆಯನ್ನು ಈ ಠೇವಣಿಗೆ ಸೇರಿಸಿದರೆ ಎರಡನೇ ಹಸು ಬರುತ್ತದೆ. ಎರಡನ್ನೂ ಒಟ್ಟಿಗೆ ತಂದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಒಟ್ಟಿಗೆ ಬತ್ತುತ್ತವೆ. ಆರು ತಿಂಗಳ ಅಂತರವಿದ್ದರೆ ಒಂದು ಇಳಿಯುವಾಗ ಇನ್ನೊಂದು ಏರುತ್ತದೆ, ಬಟವಾಡೆ ಎಂದೂ ನಿಲ್ಲುವುದಿಲ್ಲ. ಜೊತೆಗೆ ಆ ಆರು ತಿಂಗಳಲ್ಲಿ ಬೆದೆ ಗುರುತಿಸುವುದು, ಕೆಚ್ಚಲು ನೋಡಿಕೊಳ್ಳುವುದು ನಿಮಗೆ ಕೈಗೆ ಹತ್ತಿರುತ್ತದೆ. ಕಲಿಯುವಾಗಿನ ತಪ್ಪು ಒಂದು ಹಸುವಿಗೆ ಮುಗಿಯುತ್ತದೆ.

ಹಸು ಕೊಳ್ಳುವಾಗ

ಹೊಸಬರಿಗೆ 20 ಲೀಟರ್ ಹಸು ಬೇಡ. ಎರಡನೇ ಸೂಲಿನ, ಕರು ಹಾಕಿ 15ರಿಂದ 45 ದಿನವಾದ, 10–12 ಲೀಟರ್ ಹಸು ಸಾಕು. ತೆರಕಣಾಂಬಿ ಸಂತೆಯಾಗಲಿ ರೈತರ ಮನೆಯಾಗಲಿ, ಮಾತಿನ ಲೀಟರ್ ನಂಬಬೇಡಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ – ಸತತ ಮೂರು ಹೊತ್ತು ಎದುರಿಗೇ ಕರೆಸಿ ಅಳೆಯಿರಿ. ಸಂತೆಗೆ ಒಂದೆರಡು ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ತರುವವರೂ ಇದ್ದಾರೆ. ನಾಲ್ಕು ಮೊಲೆಗಳ ಹಾಲನ್ನೂ ಬೇರೆ ಬೇರೆಯಾಗಿ ಕೆಚ್ಚಲು ಬಾವಿನ ಪರೀಕ್ಷೆಗೆ, ರಕ್ತವನ್ನು ಕಂದು ರೋಗದ ಪರೀಕ್ಷೆಗೆ ಪಶುವೈದ್ಯರ ಮೂಲಕ ಕೊಡಿ. ಕಾಲುಬಾಯಿ ಜ್ವರದ ಲಸಿಕೆ ಆಗಿದೆಯೇ ವಿಚಾರಿಸಿ. ಆರು ತಿಂಗಳಿಗೊಮ್ಮೆ ಅದು ಆಗಲೇಬೇಕು. ಮನೆಗೆ ತಂದ ಮೇಲೆ ಎರಡು–ಮೂರು ವಾರ ಬೇರೆ ದನಗಳಿಂದ ದೂರ ಕಟ್ಟಿ.

ಗಬ್ಬದ ಅವಧಿ ಸುಮಾರು 280 ದಿನ. 14 ತಿಂಗಳ ಲೆಕ್ಕ ನಿಲ್ಲಬೇಕಾದರೆ ಕರು ಹಾಕಿದ 140 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು, ಅಷ್ಟೂ ದಿನದ ಮೇವು ಕೈಯಿಂದ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಕೃತಕ ಗರ್ಭಧಾರಣೆ ಮಾಡಿಸಿ.

ವಿಮೆ ಬಿಡಬೇಡಿ

2022ರಲ್ಲಿ ಚರ್ಮಗಂಟು ರೋಗ ಬಂದಾಗ ವಿಮೆ ಇದ್ದ ಮನೆಗೂ ಇಲ್ಲದ ಮನೆಗೂ ಇರುವ ವ್ಯತ್ಯಾಸವನ್ನು ಎಲ್ಲರೂ ಕಂಡಿದ್ದೇವೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ವಿಮಾ ಕಂತಿನ ರೈತರ ಪಾಲನ್ನು 2024ರಲ್ಲಿ ಶೇ. 15ಕ್ಕೆ ಇಳಿಸಲಾಗಿದೆ. ಹಸು ಮನೆಗೆ ಬಂದ ವಾರದಲ್ಲೇ ಮಾಡಿಸಿ. ಪಾಲಿಸಿಯ ಮೊದಲ 15 ದಿನದಲ್ಲಿ ಕಾಯಿಲೆಯಿಂದ ಸತ್ತರೆ ಸಾಮಾನ್ಯವಾಗಿ ಪರಿಹಾರವಿಲ್ಲ. ಕಿವಿಯೋಲೆ ಬಿದ್ದುಹೋದರೆ ಕೂಡಲೇ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲದ ಹಸುವಿಗೆ ಪರಿಹಾರ ಸಿಗುವುದಿಲ್ಲ.

ಉಳಿದ ಹಣ ಎಲ್ಲಿಡಬೇಕು

ಎರಡನೇ ಹಸುವಿನ ಹಣ ಆರು ತಿಂಗಳಲ್ಲಿ ಬೇಕಾದದ್ದು. ಅದಕ್ಕೆ ಬ್ಯಾಂಕಿನ ನಿಶ್ಚಿತ ಠೇವಣಿಯೇ ಸರಿ, ಷೇರು, ಮ್ಯೂಚುವಲ್ ಫಂಡ್ ಅಲ್ಲ. ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗಿನ ಠೇವಣಿಗೆ 2020ರಿಂದ ವಿಮೆ ಇದೆ. ಗ್ರಾಮೀಣ ಬ್ಯಾಂಕ್, ಡಿಸಿಸಿ ಬ್ಯಾಂಕ್‌ಗಳಿಗೂ ಇದು ಅನ್ವಯ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ, ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಗೆ ಆಸೆಪಡುವ ಮುನ್ನ ಇದು ನೆನಪಿರಲಿ. ಐದು ವರ್ಷ ಮುಟ್ಟದೆ ಇಡಬಲ್ಲ ಹಣಕ್ಕೆ ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರವಿದೆ. ಹದಿನೈದು ವರ್ಷಕ್ಕೆ ಪಿಪಿಎಫ್ ಇದೆ, ವರ್ಷಕ್ಕೆ 500 ರೂ. ಕಟ್ಟಿದರೂ ಖಾತೆ ನಡೆಯುತ್ತದೆ. ಏಳೆಂಟು ವರ್ಷ ಕಾಯುವ ತಾಳ್ಮೆ ಇದ್ದವರು ಮಾತ್ರ, ಬಟವಾಡೆಯ ಉಳಿಕೆಯಲ್ಲಿ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಬಹುದು.

"ಹಣ ಕೊಡಿ, ಪ್ರಾಣಿ ಸಾಕಿ, ತಿಂಗಳು ತಿಂಗಳು ನಾವೇ ದುಡ್ಡು ಕೊಡ್ತೀವಿ" ಎಂದು ಬರುವವರ ಬಗ್ಗೆ ಎಚ್ಚರ. ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿದರೆ ಈರೋಡ್ ಜಿಲ್ಲೆಯ ಪೆರುಂದುರೈ ಸಿಗುತ್ತದೆ. ಅಲ್ಲಿನ ಸುಸಿ ಈಮು ಫಾರ್ಮ್ಸ್ ಹೀಗೆಯೇ ಜನರಿಂದ ಲಕ್ಷಗಟ್ಟಲೆ ಠೇವಣಿ ಪಡೆದು, ಈಮು ಹಕ್ಕಿ ಮರಿ ಕೊಟ್ಟು, ತಿಂಗಳ ಹಣದ ಆಸೆ ತೋರಿಸಿತ್ತು. 2012ರಲ್ಲಿ ಕುಸಿಯಿತು. ಈಮು ಮಾಂಸ, ಎಣ್ಣೆಗೆ ಹೇಳಿಕೊಳ್ಳುವಂಥ ಮಾರುಕಟ್ಟೆಯೇ ಇರಲಿಲ್ಲ. ಕೊನೆಗೆ ಮಾಲೀಕರು ಬಿಟ್ಟುಹೋದ ಹಕ್ಕಿಗಳಿಗೆ ಸರ್ಕಾರವೇ ಮೇವು ಹಾಕಬೇಕಾಯಿತು. ಕುರಿ, ಮೇಕೆ, ಹಸು – ಹೆಸರು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ನನಗೆ ಕೊಡುವ ಹಣ ಯಾವ ಮಾಲು ಮಾರಿ ಬರುತ್ತದೆ, ಕೊಳ್ಳುವವರು ಯಾರು? ನಿಮ್ಮ ಹಾಲಿಗೆ ಇದರ ಉತ್ತರ ನಿಮ್ಮ ಊರಿನ ಸಂಘದಲ್ಲೇ ಇದೆ.

ಸಾಲ ಬೇಕಾದರೆ

ಪಶುಸಂಗೋಪನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 2 ಲಕ್ಷ ರೂ.ವರೆಗೆ ಶೇ. 7 ಬಡ್ಡಿ, ಅವಧಿಯೊಳಗೆ ಕಟ್ಟಿದರೆ ಶೇ. 4 ಮಾತ್ರ. ಆದರೆ ಇದು ಮೇವು, ಔಷಧಿಯಂಥ ದಿನದ ಖರ್ಚಿಗೆ, ಹಸು ಕೊಳ್ಳಲು ಅಲ್ಲ. ಮೊದಲ ಸೂಲು ಮುಗಿದು, ನಿಮ್ಮ ಕೊಟ್ಟಿಗೆಯ ನಿಜವಾದ ಖರ್ಚು ಗೊತ್ತಾದ ಮೇಲೆ ಪಡೆದರೆ ಒಳ್ಳೆಯದು.

ಕೊನೆಯದಾಗಿ, 20 ರೂ.ನ ಒಂದು ನೋಟ್‌ಬುಕ್ ಕೊಳ್ಳಿ. ಕರು ಹಾಕಿದ ದಿನ, ಬೆದೆಗೆ ಬಂದ ದಿನ, ದಿನದ ಹಾಲು, ಕೊಂಡ ಆಹಾರ – ನಾಲ್ಕೇ ಕಲಂ ಸಾಕು. ಮೂರನೇ ಹಸು ಕಟ್ಟಬೇಕೇ ಬೇಡವೇ ಎಂದು ಮುಂದೆ ನೀವು ಯಾರನ್ನೂ ಕೇಳಬೇಕಾಗುವುದಿಲ್ಲ, ಪುಸ್ತಕವೇ ಹೇಳುತ್ತದೆ. ಹಸು ನೋಡಲು ಹೊರಡುವ ಮುನ್ನ ಒಮ್ಮೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನೋ ನಿಮ್ಮ ಮಾರ್ಗದ ಪಶುವೈದ್ಯರನ್ನೋ ಕಂಡು ಮಾತಾಡಿ.

– ಪಶುವೈದ್ಯಾಧಿಕಾರಿ, ಸಂತೆಮರಹಳ್ಳಿ ವಿಭಾಗ