ಬಿ.ಟಿ. ಬದನೆಯೂ ನಾಡತಳಿಗಳೂ

ಹಿಂಡಲಗಾದಲ್ಲಾಗಲಿ ಖಾನಾಪುರದಲ್ಲಾಗಲಿ, ಬದನೆಯನ್ನು ಕೊಳ್ಳುವವರು ಕಾಯಿಯನ್ನು ತಿರುಗಿಸಿ, ತೂತಿದೆಯೇ ಎಂದು ನೋಡಿಯೇ ಚೀಲಕ್ಕೆ ಹಾಕುವರು. ಆ ತೂತು ಬಹುಮಟ್ಟಿಗೆ ಹುಳು ಹೊರಬಿದ್ದ ದಾರಿ. ಒಳಹೊಕ್ಕ ಸಣ್ಣ ರಂಧ್ರ ಎಂದೋ ಮುಚ್ಚಿಹೋಗಿರುತ್ತದೆ. ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಈ ಹುಳು ಒಂದು ಪತಂಗದ ಮರಿ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಗಿಡದೊಳಗೆ ಸೇರಿಬಿಡುವುದರಿಂದ ಹೊರಗೆ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದು ಕಷ್ಟ. ಆದರೂ ರೈತನು ಮೇಲಿಂದ ಮೇಲೆ ಸಿಂಪಡಿಸುತ್ತಾನೆ. ಬದನೆ ಹಸಿವನ್ನು ನೀಗಿಸುವ ಧಾನ್ಯವೇನೂ ಅಲ್ಲ, ನಿಜ. ಆದರೆ ಸಣ್ಣ ಹಿಡುವಳಿದಾರನಿಗೆ ಜೋಳ, ಅಕ್ಕಿ ಕೊಳ್ಳುವ ಕಾಸು ಬರುವುದು ಇಂಥ ಕಾಯಿಪಲ್ಲೆಯಿಂದಲೇ. ಕಾಯಿ ಹುಳುವಿನ ಪಾಲಾದರೆ ಪೆಟ್ಟು ತಟ್ಟುವುದು ಅವನ ಒಲೆಗೆ.

ಹುಳುವಿಗೆ ವಿಷವಾಗುವ ವಸ್ತುವನ್ನು ಗಿಡವೇ ತಯಾರಿಸುವಂತಾದರೆ? ಮಣ್ಣಿನಲ್ಲಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯ ಒಂದು ಬಗೆಯ ಪ್ರೋಟೀನಿನ ಹರಳನ್ನು ಉಂಟುಮಾಡುತ್ತದೆ. ಹುಳುವಿನ ಕರುಳಿನ ರಸ ಕ್ಷಾರಗುಣದ್ದು. ಅದರಲ್ಲಿ ಹರಳು ಕರಗಿ, ಪ್ರೋಟೀನು ಕರುಳಿನ ಗೋಡೆಗೆ ಅಂಟಿ, ಅಲ್ಲಿ ರಂಧ್ರಗಳನ್ನು ತೆರೆಯುತ್ತದೆ. ಹುಳು ಮೇವು ಬಿಟ್ಟು ಸಾಯುತ್ತದೆ. ಮನುಷ್ಯನ ಜಠರರಸವಾದರೋ ಆಮ್ಲಗುಣದ್ದು. ಪ್ರೋಟೀನು ಅಂಟುವ ತಾಣಗಳೂ ನಮ್ಮ ಕರುಳಿನಲ್ಲಿಲ್ಲ. ಈ ಪ್ರೋಟೀನಿನ ವಂಶವಾಹಿಯನ್ನು ಪಡೆದ ಗಿಡವೇ ಬಿ.ಟಿ. ಬದನೆ.

ಮಹಿಕೋ ಬೀಜಸಂಸ್ಥೆಯ ಈ ವಂಶವಾಹಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ನಾಡತಳಿಗಳಿಗೇ ಕೂಡಿಸಿತು. ಬೆಳಗಾವಿ ಜಿಲ್ಲೆಯ ಕುಡಚಿಯ ಹೆಸರು ಹೊತ್ತ ತಳಿ, ಮಾಳಾಪುರದ್ದು, ಉಡುಪಿಯದು, ಮಂಜರಿ ಗೋಟಾ ಮೊದಲಾದವು ಅದರಲ್ಲಿ ಸೇರಿದ್ದವು. ನನಗೆ ಇದೇ ಮುಖ್ಯವಾಗಿ ತೋರುತ್ತದೆ. ಸಂಕರಬೀಜವನ್ನು ಪ್ರತಿವರ್ಷವೂ ಅಂಗಡಿಯಿಂದ ತರಬೇಕು. ಶುದ್ಧತಳಿಯ ಬೀಜವನ್ನಾದರೋ ರೈತನು ತಾನೇ ಎತ್ತಿಟ್ಟು ಬಿತ್ತಬಹುದು. ಹಾಗಿದ್ದರೂ ಊರಿನ ತಳಿಯ ಒಡೆಯರು ಯಾರೆಂಬ ಪ್ರಶ್ನೆ ಎದ್ದೇ ಎದ್ದಿತು. 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆಯಲಿಲ್ಲವೆಂಬ ದೂರು ನ್ಯಾಯಾಲಯವನ್ನೂ ಮುಟ್ಟಿತು.

2009ರ ಅಕ್ಟೋಬರಿನಲ್ಲಿ ಪರಿಣತರ ಸಮಿತಿಯು ಬಿ.ಟಿ. ಬದನೆಗೆ ಒಪ್ಪಿಗೆಯಿತ್ತಿತು. ಆದರೆ 2010ರ ಫೆಬ್ರವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಅದನ್ನು ತಡೆಹಿಡಿದರು. ಬದನೆಯ ತಳಿವೈವಿಧ್ಯದ ತವರಾದ ಈ ದೇಶದಲ್ಲಿ ಇನ್ನಷ್ಟು ಪರೀಕ್ಷೆ ಬೇಕೆಂಬುದು ಅವರ ನಿಲುವು. ನೆರೆಯ ಬಾಂಗ್ಲಾದೇಶವು 2014ರ ಜನವರಿಯಲ್ಲಿ ಅದೇ ವಂಶವಾಹಿಯುಳ್ಳ ಸಸಿಗಳನ್ನು 20 ಮಂದಿ ರೈತರಿಗೆ ಹಂಚಿತು.

ಇನ್ನೊಂದು ತೊಡಕುಂಟು. ಹತ್ತಿಯ ಗುಲಾಬಿ ಕಾಯಿಕೊರಕ ಇಂಥ ವಿಷಕ್ಕೆ ಒಗ್ಗಿಹೋದುದನ್ನು ಭಾರತ ಕಂಡಿದೆ. ಬದನೆಯ ಹುಳುವೂ ಒಗ್ಗದಿರಬೇಕಾದರೆ ಬಿ.ಟಿ. ಗಿಡಗಳ ಸುತ್ತ ಸಾಮಾನ್ಯ ಬದನೆಯ ಸಾಲುಗಳಿರಬೇಕು; ಅಲ್ಲಿ ಉಳಿದ ಪತಂಗಗಳು ವಿಷಕ್ಕೆ ಒಗ್ಗಿದವುಗಳೊಡನೆ ಕೂಡಿ, ಆ ಗುಣ ಬೇಗ ಹಬ್ಬದಂತೆ ತಡೆಯುತ್ತವೆ. ನಾಲ್ಕು ಗುಂಟೆಯಲ್ಲಿ ಬದನೆ ಹಾಕಿದವನಿಗೆ, ಅದರಲ್ಲೊಂದು ಸಾಲನ್ನು ಹುಳುವಿಗೆಂದೇ ಬಿಡು ಎಂದು ಒಪ್ಪಿಸುವುದು ಪ್ರಯೋಗಶಾಲೆಯ ಕೆಲಸಕ್ಕಿಂತ ಕಷ್ಟವಾದೀತು.