ಸಿಂಹ ಮೂರೋ ನಾಲ್ಕೋ? – ಚಪ್ಪಟೆ ಚಿಹ್ನೆಗೆ ದಪ್ಪ ಕೊಡುವ ಮುನ್ನ

ಕಿಸೆಯಲ್ಲೋ ಪರ್ಸಿನಲ್ಲೋ ಒಂದು ರೂಪಾಯಿ ನಾಣ್ಯ ಇದ್ದರೆ ತೆಗೆದು ನೋಡಿ. ಎಷ್ಟು ಸಿಂಹಗಳಿವೆ? ತರಗತಿಯಲ್ಲಿ ಕೇಳಿದರೆ ಮಕ್ಕಳೆಲ್ಲ ಒಂದೇ ಸ್ವರದಲ್ಲಿ "ಮೂರು" ಅನ್ನುತ್ತಾರೆ. ಆದರೆ ಸಾರನಾಥದ ಮ್ಯೂಸಿಯಂನಲ್ಲಿರುವ ಅಶೋಕಸ್ತಂಭದ ಶಿಖರದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಅವುಗಳ ಕೆಳಗಿನ ಪಟ್ಟಿಯ ಸುತ್ತ ಆನೆ, ಕುದುರೆ, ಗೂಳಿ, ಸಿಂಹ, ನಡುನಡುವೆ ಚಕ್ರಗಳು. 1950ರ ಜನವರಿ 26ರಂದು ಇದು ನಮ್ಮ ರಾಷ್ಟ್ರ ಲಾಂಛನವಾಯಿತು. ಲಾಂಛನದಲ್ಲಿರುವುದು ಒಂದು ಬದಿಯಿಂದ ನೋಡಿದ ಚಿತ್ರ. ಹಾಗಾಗಿ ಹಿಂದಿನ ಸಿಂಹ ಮರೆಯಾಯಿತು. ಪಟ್ಟಿಯಲ್ಲೂ ಕುದುರೆ, ಗೂಳಿ ಮಾತ್ರ ಉಳಿದವು.

ಈಗ ಯೋಚಿಸಿ. ಲಾಂಛನವನ್ನಷ್ಟೇ ಕಂಡವರೊಬ್ಬರಿಗೆ "ಇದರ 3ಡಿ ಮಾದರಿ ಮಾಡಿ" ಎಂದರೆ ನಾಲ್ಕನೇ ಸಿಂಹ ಎಲ್ಲಿಂದ ಬರಬೇಕು? ಆನೆ ಎಲ್ಲಿಂದ? ಚಿತ್ರದಲ್ಲಿ ಆ ಮಾಹಿತಿ ಇಲ್ಲವೇ ಇಲ್ಲ. ಕಂಪ್ಯೂಟರ್ ಎಷ್ಟು ದೊಡ್ಡದಾದರೂ ಅದು ಊಹಿಸಬಹುದೇ ಹೊರತು ತಿಳಿದುಕೊಳ್ಳಲಾರದು.

ನಮ್ಮ ಲಿಟಲ್ ಕೈಟ್ಸ್ ಮಕ್ಕಳಿಗೆ ಲೋಗೋ, ಐಕಾನ್‌ಗಳನ್ನು 3ಡಿ ಮಾಡುವುದೆಂದರೆ ಈಗ ಭಾರಿ ಖುಷಿ. ಬೇಕಾದ ತಂತ್ರಾಂಶಗಳೂ ಉಚಿತ. ಇಂಕ್‌ಸ್ಕೇಪ್‌ನಲ್ಲಿ ಚಿತ್ರವನ್ನು ಟ್ರೇಸ್ ಮಾಡಿ ಎಸ್‌ವಿಜಿ ಫೈಲಾಗಿ ಉಳಿಸಿ. ಬ್ಲೆಂಡರ್‌ನಲ್ಲಿ ಅದನ್ನು ಇಂಪೋರ್ಟ್ ಮಾಡಿ. (ತೀರಾ ಸಣ್ಣದಾಗಿ ಬಂದು ಕೂರುತ್ತದೆ, ಬಂದೇ ಇಲ್ಲ ಅಂತ ಗಾಬರಿ ಬೇಡ, ಝೂಮ್ ಮಾಡಿ ನೋಡಿ.) ಮತ್ತೆ ಜ್ಯಾಮಿಟ್ರಿ ವಿಭಾಗದಲ್ಲಿ ಎಕ್ಸ್‌ಟ್ರೂಡ್ ಬೆಲೆ ಕೊಟ್ಟರೆ ಚಿತ್ರಕ್ಕೆ ದಪ್ಪ ಬರುತ್ತದೆ. ಆ ದಪ್ಪ ಎರಡೂ ಬದಿಗೆ ಬೆಳೆಯುತ್ತದೆ ಎಂಬುದು ನೆನಪಿರಲಿ: 0.001 ಮೀಟರ್ ಕೊಟ್ಟರೆ ಸಿಗುವುದು 2 ಮಿ.ಮೀ. ಕೊನೆಗೆ ಮೆಶ್ ಆಗಿ ಬದಲಿಸಿ ಎಸ್‌ಟಿಎಲ್ ಫೈಲ್ ಮಾಡಬೇಕು. ಎಸ್‌ಟಿಎಲ್‌ನಲ್ಲಿ ಅಂಕೆ ಮಾತ್ರ ಇರುತ್ತದೆ, ಮಾನ ಇರುವುದಿಲ್ಲ. ಪ್ರಿಂಟರಿನ ತಂತ್ರಾಂಶ ಸಾಮಾನ್ಯವಾಗಿ ಆ ಅಂಕೆಯನ್ನು ಮಿಲಿಮೀಟರ್ ಎಂದು ಓದುತ್ತದೆ. ಆದ್ದರಿಂದ ಎಕ್ಸ್‌ಪೋರ್ಟ್ ಮಾಡುವಾಗ ಸ್ಕೇಲ್ 1000 ಕೊಡಿ.

ಎಕ್ಸ್‌ಟ್ರೂಡ್ ಎಂದರೇನೆಂದು ಮಕ್ಕಳಿಗೆ ವಿವರಿಸಲು ಚಕ್ಕುಲಿ ಒರಳಿಗಿಂತ ಒಳ್ಳೆಯ ಉಪಕರಣ ಇಲ್ಲ. ಬಿಲ್ಲೆಯಲ್ಲಿರುವ ತೂತು ನಕ್ಷತ್ರದ ಹಾಗಿದ್ದರೆ ಹಿಟ್ಟು ಉದ್ದಕ್ಕೂ ಅದೇ ನಕ್ಷತ್ರದ ಅಡ್ಡಕೊಯ್ತದಲ್ಲಿ ಇಳಿಯುತ್ತದೆ. ಚಪ್ಪಟೆ ಆಕಾರವನ್ನು ಒಂದು ಅಕ್ಷದ ಸುತ್ತ ತಿರುಗಿಸಿ ಘನ ಮಾಡುವುದು ಎರಡನೇ ದಾರಿ. ಅದು ಕುಂಬಾರನ ತಿಗರಿ. ಮೂರನೆಯದು ಅಚ್ಚು ಒತ್ತುವುದು. ನಮ್ಮೂರಲ್ಲಿ ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಾರಲ್ಲ, ಅದೇ. ನಾಣ್ಯದ ಉಬ್ಬುಚಿತ್ರವೂ ಹೀಗೆಯೇ ಒತ್ತಿದ್ದು.

ಇದೆಲ್ಲ ನನಗೆ ಆಟದ ಹಾಗೆಯೇ ಇತ್ತು, ದೃಷ್ಟಿ ತೀರಾ ಕಮ್ಮಿ ಇರುವ ಒಬ್ಬಳು ಹುಡುಗಿ ನನ್ನ ತರಗತಿಗೆ ಬರುವ ತನಕ. ವಿದ್ಯುತ್ ಮಂಡಲದ ಪಾಠ. ಸೆಲ್, ಸ್ವಿಚ್, ಬಲ್ಬು, ರೆಸಿಸ್ಟರ್ ಚಿಹ್ನೆಗಳನ್ನು ನಾನು ಬೋರ್ಡಿನಲ್ಲಿ ಬರೆದರೆ ಅವಳಿಗೇನು ಬಂತು? ಈ ಚಿಹ್ನೆಗಳಿಗೆ ದಪ್ಪ ಕೊಟ್ಟು, ಪ್ರಿಂಟರ್ ಇದ್ದಲ್ಲಿಗೆ ಫೈಲ್ ಕಳಿಸಿ, ಬಿಲ್ಲೆಗಳನ್ನು ತರಿಸಿದೆ. ನೋಡಲು ಚಂದ ಇದ್ದವು. ಅವಳು ಸೆಲ್‌ನ ಬಿಲ್ಲೆಯನ್ನು ಸವರಿ ಕೇಳಿದಳು: "ಟೀಚರ್, ಇದು ಒಂದೇ ಗೀಟಲ್ವ?"

ತಪ್ಪು ನನ್ನದೇ. ಉದ್ದ ಗೀಟು, ಗಿಡ್ಡ ಗೀಟಿನ ನಡುವೆ 1 ಮಿ.ಮೀ. ಅಂತರ ಬಿಟ್ಟಿದ್ದೆ. ಕಣ್ಣಿಗೆ ಅದು ಧಾರಾಳ, ಬೆರಳಿಗೆ ಅಲ್ಲ. ಬೆರಳ ತುದಿಗೆ ಎರಡು ಬಿಂದುಗಳು ಬೇರೆ ಬೇರೆ ಎಂದು ಗೊತ್ತಾಗಬೇಕಾದರೆ ಸುಮಾರು 2-3 ಮಿ.ಮೀ. ಅಂತರ ಬೇಕು. ಬ್ರೈಲ್ ಅಕ್ಷರದ ಚುಕ್ಕಿಗಳ ನಡುವೆ ಸುಮಾರು 2.5 ಮಿ.ಮೀ. ಇರುವುದು ಸುಮ್ಮನೆ ಅಲ್ಲ. ಎರಡನೇ ಸಲ ಪ್ರಿಂಟಿಗೆ ಕೊಡಲಿಲ್ಲ. ರಟ್ಟನ್ನು ಕತ್ತರಿಸಿ, 4 ಮಿ.ಮೀ. ಅಂತರ ಬಿಟ್ಟು, ಫೆವಿಕಾಲ್ ಹಾಕಿ ಅಂಟಿಸಿದೆ. ಮರುದಿನ ಮಕ್ಕಳು ಗುಂಪಿನಲ್ಲಿ ಬಿಲ್ಲೆಗಳನ್ನು ಜೋಡಿಸಿದಾಗ ಎಲ್ಲವನ್ನೂ ಬೆರಳಿನಿಂದ ಓದಿ ಅವಳೇ ಹೇಳಿದಳು: "ಇಲ್ಲಿ ಒಂದು ಸೆಲ್ ಉಲ್ಟಾ ಉಂಟು." ಕಣ್ಣಿದ್ದ ನಾವು ಯಾರೂ ಗಮನಿಸಿರಲಿಲ್ಲ.

ಆ ಉತ್ಸಾಹದಲ್ಲಿ ಮುಂದಿನ ತಪ್ಪಿಗೂ ಕೈ ಹಾಕಿದ್ದೆ. ಜೀವಶಾಸ್ತ್ರಕ್ಕೆಂದು ಹೃದಯದ ಐಕಾನನ್ನೂ ದಪ್ಪ ಮಾಡಿ ಕೊಡೋಣ ಅಂದುಕೊಂಡೆ. ಕೊಟ್ಟಿದ್ದರೆ ಏನಾಗುತ್ತಿತ್ತು? ಮೊಬೈಲಿನಲ್ಲಿ ಕಾಣುವ ಆ ಕೆಂಪು ಆಕಾರ ಒಂದು ಗುರುತು ಮಾತ್ರ ಅಂತ ನಮಗೆ ಗೊತ್ತು. ಬೆರಳಿನಿಂದ ಮಾತ್ರ ಕಲಿಯುವ ಮಗು ನಾಲ್ಕು ಕೋಣೆಗಳ ಹೃದಯ ನಿಜವಾಗಿಯೂ ಹಾಗೇ ಇದೆ ಅಂತ ನಂಬುತ್ತಿತ್ತು. ನೀರಿನ ಹನಿಯ ಐಕಾನೂ ಹಾಗೆಯೇ. ತಿಗರಿಯಲ್ಲಿ ತಿರುಗಿಸಿದರೆ ಚೂಪು ತುದಿಯ ಸುಂದರ ಹನಿ ಸಿಗುತ್ತದೆ. ಆದರೆ ಬೀಳುವ ಮಳೆಹನಿ ಹಾಗಿರುವುದಿಲ್ಲ. ಸಣ್ಣ ಹನಿ ಮೇಲ್ಮೈ ಎಳೆತದಿಂದ ಗುಂಡಗಿರುತ್ತದೆ, ದೊಡ್ಡ ಹನಿ ಗಾಳಿಯ ಒತ್ತಡಕ್ಕೆ ಕೆಳಗಡೆ ಚಪ್ಪಟೆಯಾಗುತ್ತದೆ.

ಹಾಗಾಗಿ ಮೌಸ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಬರೀ ಗುರುತೋ, ಒಂದು ವಸ್ತುವಿನ ಚಿತ್ರವೋ? ಸೆಲ್‌ನ ಚಿಹ್ನೆ, ಪ್ರಯೋಗಾಲಯದ ಅಪಾಯದ ಚಿಹ್ನೆ, ಅಕ್ಷರ – ಇವು ಹುಟ್ಟಿದ್ದೇ ಚಪ್ಪಟೆಯಾಗಿ. ದಪ್ಪ ಕೊಟ್ಟರೆ ಸಾಕು, ಅರ್ಥ ಕೆಡುವುದಿಲ್ಲ. ಹೃದಯ, ಹನಿ, ಸಿಂಹ – ಇವುಗಳ ಹಿಂದೆ ನಿಜವಾದ ವಸ್ತು ಇದೆ. ಇಲ್ಲಿ ಐಕಾನನ್ನು ಬದಿಗಿಟ್ಟು ವಸ್ತುವಿನ ಹತ್ತಿರವೇ ಹೋಗಬೇಕು. ಸಂವಿಧಾನದ ಪ್ರತಿಗಾಗಿ ಲಾಂಛನ ಬರೆದ, ನಂದಲಾಲ್ ಬೋಸರ ಶಿಷ್ಯ ದೀನನಾಥ ಭಾರ್ಗವರು ಸಿಂಹಗಳನ್ನು ನೋಡಲೆಂದೇ ಕಲ್ಕತ್ತದ ಮೃಗಾಲಯಕ್ಕೆ ಹೋಗುತ್ತಿದ್ದರಂತೆ. ಚಪ್ಪಟೆ ಚಿತ್ರ ಬರೆಯುವುದಕ್ಕೇ ಅಷ್ಟು ನೋಡಬೇಕಾದರೆ ಘನ ಮಾದರಿಗೆ ಇನ್ನೆಷ್ಟು!

(ಅಂದ ಹಾಗೆ, ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು 2005ರ ಕಾನೂನು ಇದೆ. ಅದನ್ನು ಉದಾಹರಣೆಯಾಗಿ ಚರ್ಚಿಸಿ. ಅಭ್ಯಾಸಕ್ಕೆ ಬೇರೆ ಚಿಹ್ನೆ ಆರಿಸಿ.)

ನಿಮ್ಮ ತರಗತಿಗೊಂದು ಕೆಲಸ: ಪಾಠಪುಸ್ತಕದಿಂದ ಹತ್ತು ಚಿಹ್ನೆ ಆರಿಸಿ ಮಕ್ಕಳಿಂದಲೇ "ಗುರುತು", "ವಸ್ತು" ಎಂದು ಎರಡು ಪಟ್ಟಿ ಮಾಡಿಸಿ. ಗುರುತುಗಳನ್ನು ರಟ್ಟಿನಲ್ಲಿ ಕತ್ತರಿಸಿ ಅಂಟಿಸಲಿ. ಮತ್ತೆ ಕಣ್ಣು ಮುಚ್ಚಿ ಓದಲಿ. ಯಾವ ಬಿಲ್ಲೆ ಬೆರಳಿಗೆ ಅರ್ಥವಾಗುವುದಿಲ್ಲವೋ ಅದನ್ನು ಪ್ರಿಂಟಿಗೆ ಕೊಡುವ ಮೊದಲೇ ತಿದ್ದಿಬಿಡಬಹುದು.