ಡರ್ಬಿ ಕುದುರೆಯೂ ಸಯೀಸರ ಅಂಗೈಯೂ

ಡರ್ಬಿ ಅಂದರೆ ಒಂದು ಓಟ. ಹೆಚ್ಚೆಂದರೆ ಎರಡೂವರೆ ನಿಮಿಷದ ಮಾತು. ಹಾಸ್ಟೆಲ್ ರೂಮಿನಲ್ಲಿ ಕದ್ದು ಮ್ಯಾಗಿ ಬೇಯಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆದರೆ ಆ ಎರಡೂವರೆ ನಿಮಿಷದ ಹಿಂದೆ ಎಷ್ಟು ಜನರ ದುಡಿಮೆ ಇರುತ್ತದೆ ಎಂಬುದು ಗ್ಯಾಲರಿಯಲ್ಲಿ ಕೂತು ಕೂಗುವವರಿಗೆ ಕಾಣುವುದಿಲ್ಲ. ರೇಸ್‌ಕೋರ್ಸ್ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕುವ ನಮ್ಮಂಥವರಿಗಂತೂ ಕಾಣುವುದು ಕಾಂಪೌಂಡ್ ಗೋಡೆ ಮಾತ್ರ.

ಬೆಂಗಳೂರು ಟರ್ಫ್ ಕ್ಲಬ್‌ನ ಬೇಸಿಗೆ ಡರ್ಬಿ ನಡೆಯುವುದು ಜುಲೈನಲ್ಲಿ. ಹೆಸರು ಬೇಸಿಗೆಯದ್ದು, ಬರುವುದು ಜಿಟಿಜಿಟಿ ಮಳೆಯಲ್ಲಿ! ನನ್ನ ಕ್ಲಾಸ್‌ಮೇಟ್ ಒಬ್ಬನ ತಂದೆ ಅಲ್ಲಿ ಸಯೀಸ್. ಅಂದರೆ ಕುದುರೆಗೆ ಮೇವು ಹಾಕಿ, ಮೈ ಉಜ್ಜಿ, ನಡೆಸಾಡಿಸಿ, ಅದರ ಜೊತೆಯಲ್ಲೇ ಬದುಕುವವರು. ಅವರ ಕೈಯಲ್ಲಿರುವ ಕಂದು ಕುದುರೆಯೊಂದು ಈ ಸಲ ಡರ್ಬಿಗೆ ಆಯ್ಕೆಯಾಗಿತ್ತು. ‘ಬಾ ಮಗಾ, ಒಂದಿನ ನಮ್ಮ ಕಾಲೇಜೂ ನೋಡು’ ಎಂದು ಗೆಳೆಯ ಕರೆದ. ಮೆಕ್ಯಾನಿಕಲ್ ಓದುವ ನನಗೆ ಓಡುವ ಯಂತ್ರ ಯಾವುದಾದರೂ ಕುತೂಹಲವೇ. ಹೊರಟೆ.

ಆ ದಿನ ಬೆಳಿಗ್ಗೆ ಕುದುರೆಗೆ ಜೋರು ಓಟವಿಲ್ಲ. ಒಂದಷ್ಟು ನಡಿಗೆ, ಹಗುರ ಮೇವು, ಅಷ್ಟೇ. ಅಂಕಲ್ ಮಾತ್ರ ನೆಲದ ಮೇಲೆ ಕೂತು ಒಂದೊಂದೇ ಕಾಲನ್ನು ಮಂಡಿಯಿಂದ ಗೊರಸಿನವರೆಗೆ ಅಂಗೈಯಿಂದ ಸವರುತ್ತಿದ್ದರು. ‘ಏನು ನೋಡ್ತಿದ್ದೀರಾ ಅಂಕಲ್?’ ಎಂದೆ. ‘ಬಿಸಿ ಇದ್ಯಾ ಅಂತ. ಓಡೋದು ಅದ್ರ ಕೆಲ್ಸ, ಕಾಲು ನೋಡ್ಕೊಳ್ಳೋದು ನನ್ ಕೆಲ್ಸ’ ಎಂದರು.

ಆ ಮಾತಿನ ಹಿಂದಿನ ವಿಜ್ಞಾನ ನಮ್ಮ ಸಿಲೆಬಸ್‌ನಲ್ಲೇ ಇದೆ. ರೇಸ್ ಕುದುರೆಯ ತೂಕ 450ರಿಂದ 500 ಕೆ.ಜಿ. ನಾಗಾಲೋಟದಲ್ಲಿ ಒಂದು ಕ್ಷಣ ಇಡೀ ದೇಹ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆಗ ಆ ಕಾಲಿಗೆ ಬೀಳುವ ಭಾರ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು. ಅದನ್ನು ಹೊರುವುದು ಒಂದೇ ಬೆರಳು, ಏಕೆಂದರೆ ಕುದುರೆಯ ಗೊರಸು ಎಂದರೆ ಒಂದು ಬೆರಳಿನ ತುದಿಯ ಉಗುರು. ನಾಗಾಲೋಟದಲ್ಲಿ ಒಂದು ಹೆಜ್ಜೆಸುತ್ತಿಗೆ ಒಂದೇ ಉಸಿರು, ಅದೂ ಮೂಗಿನಿಂದ ಮಾತ್ರ. ನಿಂತಾಗ ನಿಮಿಷಕ್ಕೆ 35ರ ಆಸುಪಾಸು ಬಡಿಯುವ ಹೃದಯ ಓಟದಲ್ಲಿ 200 ದಾಟುತ್ತದೆ.

ಲೋಹ ಒಂದೇ ಏಟಿಗೆ ಮುರಿಯದಿದ್ದರೂ, ಸಣ್ಣ ಏಟುಗಳು ಸಾವಿರಾರು ಸಲ ಬಿದ್ದರೆ ಮುರಿಯುತ್ತದೆ. ಇದಕ್ಕೆ ನಾವು ಫಟೀಗ್ ಎನ್ನುತ್ತೇವೆ. ಮೂಳೆಗೂ ಅದೇ ಕಾಯಿಲೆ. ಒಂದೇ ವ್ಯತ್ಯಾಸವೆಂದರೆ ಉಕ್ಕಿನ ಬಿರುಕು ತಾನಾಗಿ ಕೂಡಿಕೊಳ್ಳುವುದಿಲ್ಲ, ಮೂಳೆ ಮಾತ್ರ ವಿಶ್ರಾಂತಿ ಕೊಟ್ಟರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ವಿಶ್ರಾಂತಿ ಬೇಕು ಎನ್ನುವ ಮೊದಲ ಸುಳಿವು ಕೆಲವೊಮ್ಮೆ ಬರೀ ಒಂದಿಷ್ಟು ಬಿಸಿ. ಅಂಕಲ್ ಅಂಗೈ ಹುಡುಕುತ್ತಿದ್ದುದು ಅದನ್ನೇ.

ಮಧ್ಯಾಹ್ನದ ಹೊತ್ತಿಗೆ ರೇಸ್‌ಕೋರ್ಸ್ ಜಾತ್ರೆಯಾಗಿತ್ತು. ಕೈಯಲ್ಲಿ ರೇಸ್ ಪುಸ್ತಕ, ಕಿವಿಯಲ್ಲಿ ಪೆನ್ನು, ಬಾಯಲ್ಲಿ ‘ಪಕ್ಕಾ ಟಿಪ್ಪು’. ಹಾಸ್ಟೆಲ್‌ನಿಂದ ನನಗೂ ಮೆಸೇಜ್‌ಗಳು: ‘ಒಳಗಿನವರ ಜೊತೆ ಇದ್ದೀಯ, ಯಾವುದು ಗೆಲ್ಲುತ್ತೆ ಹೇಳೋ!’ ನಾನು ಕಳುಹಿಸಿದ್ದು ಕುದುರೆಯ ಹೆಸರಲ್ಲ, ಒಂದು ಲೆಕ್ಕ.

ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಹುಂಡಿಯಲ್ಲಿ ಒಂದು ಲಕ್ಷ ಇದೆ ಎಂದುಕೊಳ್ಳಿ. ಲೆಕ್ಕಕ್ಕಾಗಿ ಕಡಿತ ಶೇ 20 ಎಂದಿಟ್ಟುಕೊಳ್ಳೋಣ. ಹಂಚಲು ಉಳಿಯುವುದು 80 ಸಾವಿರ. ಫೇವರಿಟ್ ಕುದುರೆಯ ಮೇಲೆ 40 ಸಾವಿರ ಬಿದ್ದಿದ್ದರೆ, ಅದು ಗೆದ್ದಾಗ ರೂಪಾಯಿಗೆ ಎರಡು ರೂಪಾಯಿ. ಜನರ ಅಂದಾಜು ಸರಿಯಾಗಿದ್ದು ಆ ಕುದುರೆ ನೂರಕ್ಕೆ 40 ಸಲ ಗೆದ್ದರೂ, ಸರಾಸರಿಯಲ್ಲಿ ಕೈಗೆ ಬರುವುದು ರೂಪಾಯಿಗೆ 80 ಪೈಸೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದು ತೀರ್ಪು ಕೊಟ್ಟಿದೆ, ನಿಜ. ಆದರೆ ಉಳಿದ ಆಟಗಾರರಿಗಿಂತ ನಮ್ಮ ಕೌಶಲ ಆ 20 ಪೈಸೆಯನ್ನೂ ಮೀರುವಷ್ಟು ಹೆಚ್ಚಿರಬೇಕಲ್ಲ!

ಈ ಲೆಕ್ಕವನ್ನು ಕ್ಷಣಕ್ಷಣಕ್ಕೂ ಮಾಡುವ ಯಂತ್ರವನ್ನು ರೂಪಿಸಿದವರೂ ಒಬ್ಬ ಇಂಜಿನಿಯರೇ, ಜಾರ್ಜ್ ಜೂಲಿಯಸ್. ಮೊದಲು ಅವರು ಮಾಡಹೊರಟದ್ದು ಮತ ಎಣಿಸುವ ಯಂತ್ರ. ಅದು ಬೇಡವಾದಾಗ ಅದೇ ಯೋಚನೆಯನ್ನು ರೇಸಿಗೆ ಒಗ್ಗಿಸಿದರು. 1913ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಅದು ಕೆಲಸ ಶುರು ಮಾಡಿತು. ಪ್ರಾಜೆಕ್ಟ್ ರಿಜೆಕ್ಟ್ ಆಯಿತೆಂದು ಕೊರಗುವ ಗೆಳೆಯರೇ, ಗಮನಿಸಿ.

ಡರ್ಬಿಗೆ ಇನ್ನೊಂದು ವಿಶೇಷವಿದೆ. ಹ್ಯಾಂಡಿಕ್ಯಾಪ್ ರೇಸ್‌ಗಳಲ್ಲಿ ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಮುಂದಿನ ಸಲ ಅದು ಹೆಚ್ಚು ತೂಕ ಹೊರಬೇಕು. ಜಾಕಿಯ ತೂಕ ಸಾಲದಿದ್ದರೆ ಸೀಸದ ತುಂಡು ಸೇರಿಸುತ್ತಾರೆ. ಡರ್ಬಿಯಲ್ಲಿ ಆ ರೇಟಿಂಗ್ ಲೆಕ್ಕವಿಲ್ಲ. ಗಂಡು ಕುದುರೆಗಳಿಗೆಲ್ಲ ಒಂದೇ ತೂಕ, ಹೆಣ್ಣು ಕುದುರೆಗೆ ಸ್ವಲ್ಪ ರಿಯಾಯಿತಿ. ಎಲ್ಲವೂ ಒಂದೇ ವಯಸ್ಸಿನವು. ಹಾಗಾಗಿ ಒಂದು ಕುದುರೆಗೆ ಈ ಡರ್ಬಿ ಓಡುವ ಅವಕಾಶ ಜೀವನದಲ್ಲಿ ಒಂದೇ ಸಲ. ನಮ್ಮ ಕ್ಯಾಂಪಸ್ ಸೆಲೆಕ್ಷನ್ನಾದರೂ ವಾಸಿ, ಆಫ್ ಕ್ಯಾಂಪಸ್ ಅಂತ ಒಂದು ದಾರಿ ಇದೆ.

ಪೆಡಾಕ್‌ನಲ್ಲಿ ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುದುರೆಯನ್ನು ಸುತ್ತು ಹಾಕಿಸಿದರು. ಬಹುಮಾನ ಬಂದರೆ ಅದರಲ್ಲಿ ಅವರಿಗೂ ಒಂದಿಷ್ಟು ಪಾಲು. ಗೆಳೆಯನ ಕೊನೆಯ ವರ್ಷದ ಫೀಸು ಕಟ್ಟಲು ಆ ಪಾಲನ್ನೇ ನೆಚ್ಚಿದ್ದರು. 2024ರಲ್ಲಿ ಪರವಾನಗಿ ವಿವಾದ ಹೈಕೋರ್ಟ್ ಮೆಟ್ಟಿಲೇರಿ ರೇಸ್ ನಿಂತಾಗಲೂ ಇವರ ಕೆಲಸ ನಿಂತಿರಲಿಲ್ಲವಂತೆ. ಕುದುರೆಗೆ ಕೋರ್ಟು ಗೊತ್ತೇ? ಹೊತ್ತು ಹೊತ್ತಿಗೆ ಮೇವು ಬೇಕು, ನಡಿಗೆ ಬೇಕು.

ಗೇಟ್ ತೆರೆಯಿತು. ಗ್ಯಾಲರಿ ಎದ್ದು ನಿಂತಿತು. ಕೊನೆಯ ತಿರುವಿನವರೆಗೂ ನಮ್ಮ ಕಂದು ಕುದುರೆ ಮೂರನೆಯದು. ಗೆಳೆಯ ನನ್ನ ತೋಳು ಹಿಸುಕುತ್ತಿದ್ದ. ನೇರ ದಾರಿಗೆ ಬಂದ ಮೇಲೆ ಒಂದೊಂದೇ ಕುದುರೆ ಅದನ್ನು ದಾಟಿಕೊಂಡು ಹೋಯಿತು. ಗುರಿ ಮುಟ್ಟಿದಾಗ ಅದು ಏಳನೆಯದು. ಬಹುಮಾನವಿಲ್ಲ.

ಎಲ್ಲರೂ ಗೆದ್ದ ಕುದುರೆಯ ಫೋಟೊಕ್ಕೆ ಓಡಿದಾಗ ಅಂಕಲ್ ತಮ್ಮ ಕುದುರೆಯತ್ತ ಓಡಿದರು. ನೀರು ಸುರಿದರು, ನಡೆಸಿದರು. ಲಾಯಕ್ಕೆ ಬಂದ ಮೇಲೆ ಮತ್ತೆ ನೆಲದಲ್ಲಿ ಕೂತರು. ಎಡ ಮುಂಗಾಲಿನ ಮೇಲೆ ಅಂಗೈ ಹಾಗೇ ನಿಂತಿತು. ‘ನರ ಬೆಚ್ಚಗಿದೆ’ ಎಂದರು. ಕುದುರೆ ಕುಂಟುತ್ತಿರಲಿಲ್ಲ, ನಮಗ್ಯಾರಿಗೂ ಏನೂ ಕಾಣಲಿಲ್ಲ. ಅವರು ಸುಮ್ಮನಿದ್ದಿದ್ದರೆ ಮೂರು ವಾರದಲ್ಲಿ ಇನ್ನೊಂದು ರೇಸ್ ಇತ್ತು, ಬಹುಮಾನದ ಇನ್ನೊಂದು ಅವಕಾಶವಿತ್ತು. ಅವರು ಎದ್ದು ನೇರವಾಗಿ ಟ್ರೇನರ್‌ಗೆ ಹೇಳಿದರು. ವೈದ್ಯರು ಬಂದು ನೋಡಿ, ಈ ಸೀಸನ್ ಪೂರ್ತಿ ಓಟ ಬೇಡ ಎಂದರು.

‘ಫೀಸಿಗೆ ಏನ್ ಮಾಡ್ತೀರಾ ಅಂಕಲ್?’ ಎಂದು ತಡೆಯಲಾರದೆ ಕೇಳಿದೆ. ‘ಫೀಸು ಹೆಂಗೋ ಆಗುತ್ತಪ್ಪ. ಮುರಿದ ಕಾಲು ಆಗಲ್ಲ’ ಎಂದರು.

ಗುಣಮಟ್ಟ, ಸುರಕ್ಷತೆ, ವೃತ್ತಿಧರ್ಮ ಎಂದು ನಾವು ಐದು ಮಾರ್ಕಿನ ಉತ್ತರ ಬರೆಯುತ್ತೇವೆ. ನಾಳೆ ಯಾವುದೋ ಕಾರ್ಖಾನೆಯಲ್ಲಿ ನಮ್ಮ ಕೈಗೂ ಹೀಗೇ ಒಂದು ಬಿಸಿ ತಾಗಬಹುದು. ಹೇಳಿದರೆ ನಮಗೇ ನಷ್ಟ, ಹೇಳದಿದ್ದರೆ ಯಾರಿಗೂ ತಿಳಿಯದು ಅನ್ನುವಂಥ ಹೊತ್ತು. ಆಗ ಏನು ಮಾಡಬೇಕೆಂದು ಕೇಳಿದರೆ ನನಗೀಗ ಒಂದು ಉದಾಹರಣೆಯಾದರೂ ಗೊತ್ತಿದೆ.

ಗೆಳೆಯ ಈಗ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಾನೆ. ಮೊದಲ ಕಂತು ಕಟ್ಟಿಯಾಗಿದೆ. ಕುದುರೆ ಹೇಗಿದೆ ಎಂದು ಮೊನ್ನೆ ಮೆಸೇಜ್ ಹಾಕಿದೆ. ಉತ್ತರ ಎರಡೇ ಪದ: ‘ಕಾಲು ತಣ್ಣಗಿದೆ.’